ಎಚ್1 ಜೀನ್‌ಗಳನ್ನು ಮುಚ್ಚುತ್ತದೆ ಅಂತಾರೆ. ಹಾಗಾದರೆ ಅರ್ಧ ತೆಗೆದರೂ ಬರೀ 29 ಜೀನ್ ಯಾಕೆ ಬದಲಾದವು?

ಹಾವೇರಿ ಹುಡುಗ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಬಯೋಕೆಮಿಸ್ಟ್ರಿ, ಎರಡನೇ ವರ್ಷ. ನಮ್ಮ ಜರ್ನಲ್ ಕ್ಲಬ್‌ನಲ್ಲಿ ಈ ಸಲ ನನ್ನ ಸರದಿ. ಸುಲಭ ಇರುತ್ತದೆ ಅಂದುಕೊಂಡು ಲಿಂಕರ್ ಹಿಸ್ಟೋನ್, ಅಂದರೆ ಎಚ್1, ತೆಗೆದುಕೊಂಡೆ. ಈಗ ತಲೆ ಕೆಟ್ಟಿದೆ.

ನನಗೆ ಗೊತ್ತಿರುವುದು ಇಷ್ಟು. ಹಿಸ್ಟೋನ್ ಅಂದರೆ ಡಿಎನ್‌ಎ ಸುತ್ತಿಡುವ ಪ್ರೋಟೀನ್. ಎಚ್2ಎ, ಎಚ್2ಬಿ, ಎಚ್3, ಎಚ್4 ತಲಾ ಎರಡು ಸೇರಿ ಎಂಟರ ಗುಂಪು. ಅದರ ಸುತ್ತ 147 ಬೇಸ್ ಜೋಡಿ ಡಿಎನ್‌ಎ ಸುತ್ತಿಕೊಂಡರೆ ನ್ಯೂಕ್ಲಿಯೋಸೋಮ್. ಅದರ ಮೇಲೆ ಬಂದು ಕೂರುವುದು ಎಚ್1. ಕೂತರೆ ಕ್ರೊಮಾಟಿನ್ (ಡಿಎನ್‌ಎ, ಹಿಸ್ಟೋನ್ ಸೇರಿದ ಕಟ್ಟು) ಬಿಗಿಯಾಗುತ್ತದೆ. ಬಿಗಿಯಾದರೆ ಜೀನ್ ಆಫ್. ಎಲ್ಲ ನೋಟ್ಸ್‌ನಲ್ಲೂ ಇದೇ ಇದೆ.

ನಾನು ಆರಿಸಿಕೊಂಡ ಪೇಪರ್ 2005ರದ್ದು. ನ್ಯೂಯಾರ್ಕಿನ ಸ್ಕೌಲ್ಚಿ ಅವರ ಲ್ಯಾಬ್, ಮೊದಲ ಲೇಖಕಿ ಯುಹಾಂಗ್ ಫ್ಯಾನ್. ಇಲಿಯ ಎಚ್1ಸಿ, ಎಚ್1ಡಿ, ಎಚ್1ಇ ಮೂರೂ ಜೀನ್ ಇಲ್ಲದ ಎಂಬ್ರಿಯಾನಿಕ್ ಸ್ಟೆಮ್ ಸೆಲ್‌ಗಳನ್ನು ಮಾಡಿದ್ದಾರೆ. ಎಚ್1 ಸುಮಾರು ಅರ್ಧಕ್ಕೆ ಇಳಿದಿದೆ. ಸಾವಿರಾರು ಜೀನ್ ಆನ್ ಆಗಬೇಕಿತ್ತು ಅಲ್ವಾ? ಯಾವ ಜೀನ್ ಎಷ್ಟು ಆನ್ ಇದೆ ಅಂತ ಅಳೆಯುವ ಮೈಕ್ರೋಅರೇಯಲ್ಲಿ ಬದಲಾಗಿದ್ದು ಬರೀ 29. ಸೆಲ್‌ಗಳು ಆರಾಮಾಗಿ ಬೆಳೆಯುತ್ತಿವೆ.

ಆದರೆ 2003ರಲ್ಲಿ ಅದೇ ಗುಂಪು ತೋರಿಸಿದ ಪ್ರಕಾರ ಆ ಮೂರು ಜೀನ್ ಇಲ್ಲದ ಇಲಿ ಭ್ರೂಣ ಗರ್ಭದ ಮಧ್ಯದಲ್ಲೇ ಸಾಯುತ್ತದೆ. ಸೆಲ್ ಬದುಕುತ್ತದೆ, ಭ್ರೂಣ ಸಾಯುತ್ತದೆ. ಎಚ್1 ಮುಖ್ಯವಾ, ಅಲ್ಲವಾ? ನಮ್ಮ ಮೇಡಂ ಕೇಳಿದರೆ ಏನು ಹೇಳಲಿ?

ನೋಟ್ಸ್ ಗುರು

ಪರೀಕ್ಷೆಗಾದರೆ ಇಷ್ಟು ಸಾಕು: ಎಚ್1 ಎರಡು ನ್ಯೂಕ್ಲಿಯೋಸೋಮ್‌ಗಳ ನಡುವಿನ ಲಿಂಕರ್ ಡಿಎನ್‌ಎಗೆ ಅಂಟುತ್ತದೆ, 30 ನ್ಯಾನೋಮೀಟರ್ ದಪ್ಪದ ಫೈಬರ್ ಕಟ್ಟುತ್ತದೆ, ಟ್ರಾನ್‌ಸ್ಕ್ರಿಪ್ಷನ್ (ಜೀನ್ ಓದುವುದು) ತಡೆಯುತ್ತದೆ. ಎನ್‌ಇಟಿಯಲ್ಲಿ ಆ ಆಪ್ಷನ್‌ಗೆ ಟಿಕ್ ಹಾಕಿ ಮುಂದೆ ಹೋಗಿ. ಒಂದು ಎಚ್1 ಹೋದರೆ ಉಳಿದವು ಜಾಗ ತುಂಬುತ್ತವೆ, ಅದಕ್ಕೇ 29. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಕೋಲ್ಡ್‌ರೂಮ್ ಅಕ್ಕ

ಗುರುಗಳೇ, ಟಿಕ್ ಹಾಕುವವರಿಗೆ ನಿಮ್ಮ ಉತ್ತರ ಸರಿ. ಈ ಹುಡುಗ ಜರ್ನಲ್ ಕ್ಲಬ್‌ನಲ್ಲಿ ನಿಲ್ಲಬೇಕಲ್ಲ. ಉಳಿದವು ಜಾಗ ತುಂಬುತ್ತವೆ ಅನ್ನುವುದು ಒಂದು ಜೀನ್ ತೆಗೆದಾಗ ನಿಜ. ಮೂರು ತೆಗೆದಾಗ ಪೂರ್ತಿ ತುಂಬಲಿಲ್ಲ, ಅದಕ್ಕೇ ಅರ್ಧಕ್ಕೆ ಇಳಿದದ್ದು.

ತಮ್ಮಾ, ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕ್ರೊಮಾಟಿನ್ ತಯಾರಿಸುತ್ತಲೇ ತಲೆಗೂದಲು ಹಣ್ಣು ಮಾಡಿಕೊಂಡವಳು. ನಮ್ಮ ಎಚ್1 ಬರುತ್ತಿದ್ದದ್ದು ಕೋಳಿ ಅಂಗಡಿಯಿಂದ. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಸೋಡಿಯಂ ಸಿಟ್ರೇಟ್ ಹಾಕಿದ ಬಾಟಲಿ ಹಿಡಿದು ನಿಲ್ಲಬೇಕು. ಕೋಳಿಯ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುತ್ತದೆ, ನಮ್ಮದರಲ್ಲಿ ಇರುವುದಿಲ್ಲ. ಒಂದು ಬಾಟಲಿ ರಕ್ತಕ್ಕೆ ಕೈತುಂಬ ನ್ಯೂಕ್ಲಿಯಸ್. ಹಿಸ್ಟೋನ್ ಕಥೆ ಶುರುವಾಗಿದ್ದೂ ಹಕ್ಕಿಯ ರಕ್ತದಲ್ಲೇ, 1884ರಲ್ಲಿ ಕೊಸೆಲ್ ಬಾತುಕೋಳಿ ಜಾತಿಯ ಗೂಸ್ ಹಕ್ಕಿಯ ರಕ್ತದಿಂದ ತೆಗೆದದ್ದು.

ಮೊದಲು ಎಚ್1 ಎಲ್ಲಿ ಕೂರುತ್ತದೆ ಅನ್ನುವುದನ್ನು ಕಣ್ಣಿಗೆ ಕಾಣುವ ಹಾಗೆ ಹೇಳುತ್ತೇನೆ, ಯಾಕೆಂದರೆ ಎಲ್ಲ ಗೊಂದಲ ಅಲ್ಲಿಂದಲೇ. ಆ ನ್ಯೂಕ್ಲಿಯಸ್‌ಗೆ ಡಿಎನ್‌ಎ ಕತ್ತರಿಸುವ ಕಿಣ್ವ, ಮೈಕ್ರೋಕೋಕಲ್ ನ್ಯೂಕ್ಲಿಯೇಸ್, ಹಾಕಿ. ಕ್ಯಾಲ್ಸಿಯಂ ಇದ್ದರೆ ಮಾತ್ರ ಅದು ಕೆಲಸ ಮಾಡುವುದು, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಹಾಕಿದ ತಕ್ಷಣ ನಿಲ್ಲುತ್ತದೆ. ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಟ್ಯೂಬ್ ತೆಗೆದು ಡಿಎನ್‌ಎಯನ್ನು ಜೆಲ್ ಮೇಲೆ ಓಡಿಸಿ. ಮೊದಲು ಏಣಿಯ ಹಾಗೆ ಬ್ಯಾಂಡ್‌ಗಳು. ಹೊತ್ತು ಹೋದ ಹಾಗೆ ಎಲ್ಲ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತವೆ. ಆದರೆ ಅದು ನೇರ 147ಕ್ಕೆ ಇಳಿಯುವುದಿಲ್ಲ. 168ರ ಹತ್ತಿರ ಒಂದು ಸಲ ತಡೆದು ನಿಲ್ಲುತ್ತದೆ. ಆಮೇಲೆ 147. ಈಗ ಅದೇ ಕ್ರೊಮಾಟಿನ್ ಅನ್ನು 0.6 ಮೋಲಾರ್ ಉಪ್ಪಿನಲ್ಲಿ ತೊಳೆದು ಎಚ್1 ತೆಗೆದು ಮತ್ತೆ ಮಾಡಿ. ಆ 168ರ ನಿಲುಗಡೆ ಮಾಯ. 1978ರಲ್ಲಿ ಸಿಂಪ್ಸನ್ ಈ 168ರ ತುಂಡಿಗೆ ಕ್ರೊಮಾಟೋಸೋಮ್ ಅಂತ ಹೆಸರಿಟ್ಟರು. ಎಚ್1 ಕಾಯುವುದು ಆ ಹೆಚ್ಚುವರಿ 20 ಬೇಸ್ ಜೋಡಿಯನ್ನು: ಡಿಎನ್‌ಎ ನ್ಯೂಕ್ಲಿಯೋಸೋಮಿನ ಒಳಗೆ ಹೋಗುವ ಮತ್ತು ಹೊರಗೆ ಬರುವ ಬಾಗಿಲು.

ಎಚ್1ಗೆ ಮೂರು ಭಾಗ. ಮುಂದೆ ಪುಟ್ಟ ಬಾಲ, ನಡುವೆ ಗಟ್ಟಿಯಾದ ಉಂಡೆ, ಹಿಂದೆ ಸುಮಾರು 100 ಅಮಿನೋ ಆಮ್ಲದ ಉದ್ದ ಬಾಲ. ನಡುವಿನ ಉಂಡೆಯ ಆಕಾರವನ್ನು ಕೋಳಿಯ ಎಚ್5ನಲ್ಲಿ (ಹಕ್ಕಿಯ ರಕ್ತಕಣದಲ್ಲಿರುವ ಎಚ್1ನ ಒಂದು ಬಗೆ) ಬಿಡಿಸಿದ್ದು ವೆಂಕಿ ರಾಮಕೃಷ್ಣನ್ ಮತ್ತು ಸಂಗಡಿಗರು, 1993ರಲ್ಲಿ. ಹೌದು, ಚಿದಂಬರದಲ್ಲಿ ಹುಟ್ಟಿ, ಆಮೇಲೆ ರೈಬೋಸೋಮಿಗೆ ನೊಬೆಲ್ ಪಡೆದ ಅದೇ ರಾಮಕೃಷ್ಣನ್. ಉಂಡೆ ಎಲ್ಲಿ ಕೂರಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ. ಬಿಗಿ ಮಾಡುವ ಕೆಲಸ ಹೆಚ್ಚಾಗಿ ಹಿಂದಿನ ಬಾಲದ್ದು. ಅದರಲ್ಲಿ ನೂರಕ್ಕೆ ನಲವತ್ತರಷ್ಟು ಲೈಸೀನ್, ಅಂದರೆ ಮೈತುಂಬ ಧನ ಆವೇಶ. ಡಿಎನ್‌ಎ ಮೈತುಂಬ ಋಣ ಆವೇಶ. ಎಂಟರ ಗುಂಪು ಅದರ ಒಂದು ಪಾಲನ್ನಷ್ಟೇ ತೀರಿಸುತ್ತದೆ. ಬಾಗಿಲಿನಲ್ಲಿ ಒಳಹೋಗುವ, ಹೊರಬರುವ ಲಿಂಕರ್ ಡಿಎನ್‌ಎ ತುಂಡುಗಳೆರಡೂ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಬಾಲ ಅಲ್ಲಿ ಹೋಗಿ ಆ ಜಗಳ ಬಿಡಿಸಿ ಎರಡನ್ನೂ ಹತ್ತಿರ ತರುತ್ತದೆ. 1979ರಲ್ಲಿ ಥೋಮಾ, ಕೊಲ್ಲರ್, ಕ್ಲುಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದು ಇದನ್ನೇ. ಕಡಿಮೆ ಉಪ್ಪಿನಲ್ಲಿ ಎಚ್1 ಇದ್ದರೆ ಅಚ್ಚುಕಟ್ಟಾದ ಅಂಕುಡೊಂಕು ಸಾಲು, ಇಲ್ಲದಿದ್ದರೆ ಕೆದರಿದ ಮಣಿಸರ.

ಇಷ್ಟಾದ ಮೇಲೆ ನಿನ್ನ 29.

ನೀನು ಕೇಳುತ್ತಿರುವುದು ಎಚ್1 ಇದೆಯಾ ಇಲ್ಲವಾ ಅಂತ. ಕೇಳಬೇಕಾದ್ದು ಒಂದು ನ್ಯೂಕ್ಲಿಯೋಸೋಮಿಗೆ ಎಷ್ಟು ಎಚ್1 ಅಂತ. ಸ್ಟೆಮ್ ಸೆಲ್‌ನಲ್ಲಿ ಮೊದಲೇ ಬಡತನ. ಏನೂ ತೆಗೆಯದ ಸೆಲ್‌ನಲ್ಲೇ ಸುಮಾರು ಎರಡು ನ್ಯೂಕ್ಲಿಯೋಸೋಮಿಗೆ ಒಂದು ಎಚ್1. ಮೂರು ಜೀನ್ ತೆಗೆದ ಮೇಲೆ ನಾಲ್ಕಕ್ಕೆ ಒಂದು. ಲಿವರ್, ಥೈಮಸ್‌ನಂಥ ಜಾಗದಲ್ಲಿ ಹೆಚ್ಚುಕಡಿಮೆ ಒಂದಕ್ಕೊಂದು. ನನ್ನ ಕೋಳಿ ರಕ್ತಕಣದಲ್ಲಿ ಎಚ್1, ಎಚ್5 ಎರಡೂ ಸೇರಿ ಒಂದಕ್ಕಿಂತ ಜಾಸ್ತಿ, ಅಲ್ಲಿ ಜೀನ್‌ಗಳೆಲ್ಲ ಹೆಚ್ಚುಕಡಿಮೆ ನಿದ್ದೆ. ಮೊದಲೇ ಸಡಿಲವಾಗಿರುವ ಕಡೆ ಇನ್ನಷ್ಟು ಸಡಿಲ ಮಾಡಿ ಎಷ್ಟು ಜೀನ್ ಎದ್ದವು ಅಂತ ಎಣಿಸಿದರೆ ಸಂಖ್ಯೆ ಸಣ್ಣದೇ ಬರುತ್ತದೆ.

ಅದೇ ಪೇಪರಿನಲ್ಲಿ ಎಲ್ಲರೂ ಹಾರಿಸಿಬಿಡುವ ಚಿತ್ರ ಇನ್ನೊಂದಿದೆ, ನ್ಯೂಕ್ಲಿಯೋಸೋಮ್‌ಗಳ ನಡುವಿನ ದೂರದ್ದು. ಒಂದರ ಆರಂಭದಿಂದ ಮುಂದಿನದರ ಆರಂಭಕ್ಕೆ ಇದ್ದ ಅಂತರ ಸುಮಾರು 15 ಬೇಸ್ ಜೋಡಿ ಕಡಿಮೆಯಾಗಿದೆ. ಒಂದೆರಡು ಕಡೆ ಅಲ್ಲ, ಇಡೀ ಜೀನೋಮಿನಲ್ಲಿ. ಎಚ್1 ಹೋದರೆ ಆವೇಶದ ಲೆಕ್ಕ ತಪ್ಪುತ್ತದೆ. ಸೆಲ್ ಲಿಂಕರ್ ಅನ್ನೇ ಗಿಡ್ಡ ಮಾಡಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಬೇರೆ ಬೇರೆ ಜಾತಿಯ ಸೆಲ್ ನೋಡಿದರೂ ಹಾಗೇ: ಕೋಳಿ ರಕ್ತಕಣದಲ್ಲಿ ಅಂತರ 210ರ ಆಸುಪಾಸು, ಇಲಿ ಜಾತಿಯ ಮೆದುಳಿನ ನರಕೋಶದಲ್ಲಿ ಸುಮಾರು 165, ಅಲ್ಲಿ ಎಚ್1 ಕೂಡ ಅರ್ಧಕ್ಕರ್ಧ. ನನ್ನನ್ನು ಕೇಳಿದರೆ 29 ಅನ್ನುವ ಸಂಖ್ಯೆಗಿಂತ ಈ 15 ದೊಡ್ಡದು.

ಇನ್ನು ಆ 29 ಯಾವುವು ಅಂತ ನೋಡು. ಅವುಗಳಲ್ಲಿ ಬಹಳಷ್ಟು ಇಂಪ್ರಿಂಟೆಡ್ ಜೀನ್‌ಗಳು (ಅಪ್ಪನದೋ ಅಮ್ಮನದೋ ಒಂದೇ ಪ್ರತಿ ಆನ್ ಇರುವವು), ಇಲ್ಲವೇ ಎಕ್ಸ್ ಕ್ರೋಮೋಸೋಮಿನವು. ಸಾಮಾನ್ಯವಾಗಿ ಡಿಎನ್‌ಎ ಮೆಥೈಲೇಷನ್ನಿನ, ಅಂದರೆ ಡಿಎನ್‌ಎ ಮೇಲೆ ಮೆಥೈಲ್ ಗುಂಪು ಅಂಟಿಸುವುದರ, ಹಿಡಿತದಲ್ಲಿ ಇರುವವು. ಜೀನೋಮಿನ ಒಟ್ಟು ಮೆಥೈಲೇಷನ್ ಹಾಗೇ ಇದ್ದರೂ ಅವುಗಳ ಕೆಲವು ನಿಯಂತ್ರಣ ಜಾಗಗಳಲ್ಲಿ ಮಾತ್ರ ಕಡಿಮೆಯಾಗಿತ್ತು. ಮುಂದೆ 2013ರಲ್ಲಿ ಸ್ಕೌಲ್ಚಿ ಗುಂಪೇ ತೋರಿಸಿತು, ಎಚ್1ಡಿ ಮೆಥೈಲ್ ಗುಂಪು ಸೇರಿಸುವ ಕಿಣ್ವಗಳನ್ನು ಕೈಹಿಡಿದು ಕರೆತರುತ್ತದೆ ಅಂತ. ಅಂದರೆ ಅಲ್ಲಿ ಎಚ್1 ಸುಮ್ನೆ ಮೇಲೆ ಕೂತು ಅದುಮುತ್ತಿಲ್ಲ, ಬೇರೆಯವರನ್ನು ಕೆಲಸಕ್ಕೆ ಹಚ್ಚುತ್ತಿದೆ.

ಭ್ರೂಣ ಯಾಕೆ ಸಾಯುತ್ತದೆ? ಒಂದೇ ಸ್ಥಿತಿಯಲ್ಲಿ ಇರುವ ಸೆಲ್‌ಗೆ ಅರ್ಧ ಎಚ್1 ಸಾಕು, ಕೆಲಸ ಬದಲಾಯಿಸಬೇಕಾದ ಸೆಲ್‌ಗೆ ಸಾಲದು. 2012ರಲ್ಲಿ ಅದೇ ಮೂರು ಜೀನ್ ಇಲ್ಲದ ಸ್ಟೆಮ್ ಸೆಲ್‌ಗಳನ್ನು ಬೇರೆ ಸೆಲ್ ಆಗಲು ಬಿಟ್ಟರು. ಸ್ಟೆಮ್ ಸೆಲ್ ಆಗಿಯೇ ಇಡುವ ಆಕ್ಟ್4 ಜೀನ್ ಮುಚ್ಚಬೇಕಿತ್ತು, ಸರಿಯಾಗಿ ಮುಚ್ಚಲಿಲ್ಲ. ನರಕೋಶ ಆಗಲು ತಡಕಾಡಿದವು. ನಿನ್ನ ಪೇಪರಿನ ಮೈಕ್ರೋಅರೇ ಹಿಡಿದದ್ದು ನಿಂತ ಸೆಲ್‌ನ ಫೋಟೋ. ನಿಮ್ಮ ಮೇಡಂಗೆ ಇದನ್ನು ಹೇಳು.

ಹಾವೇರಿ ಹುಡುಗ

ಅಕ್ಕಾ, ತುಂಬಾ ಥ್ಯಾಂಕ್ಸ್. 15ರ ಚಿತ್ರ ನಾನೂ ಹಾರಿಸಿಬಿಟ್ಟಿದ್ದೆ.

ಇನ್ನೂ ಎರಡು ಪ್ರಶ್ನೆ. 30 ನ್ಯಾನೋಮೀಟರ್ ಫೈಬರಿನ ಸ್ಲೈಡ್ ಹಾಕಲಾ ಬೇಡವಾ? ಇನ್ನೊಂದು, ಎಚ್1ನ ತೂಕ 21 ಕಿಲೋಡಾಲ್ಟನ್ ಅಂತ ಇದೆ. ಪೇಪರುಗಳ ಜೆಲ್‌ನಲ್ಲಿ 32ರ ಹತ್ತಿರ ಬಾಣ ಹಾಕಿದ್ದಾರೆ. ಜೋಡಿಯಾಗಿ ಕೂರುತ್ತದಾ?

ಕೋಲ್ಡ್‌ರೂಮ್ ಅಕ್ಕ

ಜೋಡಿ ಅಲ್ಲ, ಒಂದೇ. ಎಸ್‌ಡಿಎಸ್ ಜೆಲ್‌ನಲ್ಲಿ ಪ್ರೋಟೀನ್ ಓಡುವುದು ಎಸ್‌ಡಿಎಸ್ ಅನ್ನುವ ಸಾಬೂನು ಕೊಡುವ ಋಣ ಆವೇಶದ ಬಲದಿಂದ. ಇದರ ಮೈಯಲ್ಲಿ ಲೈಸೀನ್ ಜಾಸ್ತಿ, ಅದು ಎಸ್‌ಡಿಎಸ್‌ನ ಆವೇಶವನ್ನು ತಿಂದುಹಾಕುತ್ತದೆ. ಹಾಗಾಗಿ ನಿಧಾನಕ್ಕೆ ಓಡುತ್ತದೆ, ದಪ್ಪ ಪ್ರೋಟೀನಿನ ಹಾಗೆ ಕಾಣುತ್ತದೆ. ಕೋಳಿಯದು ಓಡಿಸಿದರೆ ಮೇಲೆ ಎಚ್1, ಸ್ವಲ್ಪ ಕೆಳಗೆ ಎಚ್5, ಅದರ ಕೆಳಗೆ ದೂರದಲ್ಲಿ ಉಳಿದ ನಾಲ್ಕು. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಎಚ್1 ಬೇರೆ ಮಾಡುವುದು ಎಷ್ಟು ಸಲೀಸು ಅಂತ ನಿಮಗೆ ಪ್ರಾಕ್ಟಿಕಲ್‌ನಲ್ಲಿ ತೋರಿಸುತ್ತಾರೋ ಇಲ್ಲವೋ. ನ್ಯೂಕ್ಲಿಯಸ್‌ಗೆ 5% ಪರ್ಕ್ಲೋರಿಕ್ ಆಸಿಡ್ ಹಾಕಿದರೆ ಕೋರ್ ಹಿಸ್ಟೋನ್‌ಗಳು (ಎಂಟರ ಗುಂಪಿನವು), ಡಿಎನ್‌ಎ ಎಲ್ಲ ಬೆಳ್ಳಗೆ ಗಸಿಯಾಗಿ ಕೆಳಗೆ ಕೂರುತ್ತವೆ. ಎಚ್1 ಮಾತ್ರ ಮೇಲಿನ ತಿಳಿಯಲ್ಲೇ ಉಳಿಯುತ್ತದೆ. ಎಚ್‌ಎಂಜಿ ಪ್ರೋಟೀನ್‌ಗಳೂ ಜೊತೆಗೆ ಬರುತ್ತವೆ, ಅವು ಎಚ್1ನ ಜಾಗಕ್ಕೇ ಪೈಪೋಟಿ ಮಾಡುವವು. ಆ ತಿಳಿಗೆ ಟ್ರೈಕ್ಲೋರೋಅಸಿಟಿಕ್ ಆಸಿಡ್ ಹಾಕಿ ಐಸ್‌ನಲ್ಲಿ ಇಟ್ಟರೆ ಟ್ಯೂಬಿನೊಳಗೆ ನಿಧಾನವಾಗಿ ಹಾಲುಹಾಲಾಗುತ್ತದೆ. ಅದೇ ನಿನ್ನ ಎಚ್1. ಇಷ್ಟು ಸುಲಭಕ್ಕೆ ಸಿಗುವ ಕ್ರೊಮಾಟಿನ್ ಪ್ರೋಟೀನ್ ಬೇರೆ ಇಲ್ಲ. ಎಷ್ಟು ಸುಲಭಕ್ಕೆ ಕೈಗೆ ಸಿಗುತ್ತದೋ ಅಷ್ಟೇ ಕಷ್ಟ ಅದರ ಕೆಲಸ ಹೇಳುವುದು, ಅದು ಬೇರೆ ಮಾತು.

30 ನ್ಯಾನೋಮೀಟರ್: ಹಾಕು, ಆದರೆ ಎರಡು ಚಿತ್ರ ಅಕ್ಕಪಕ್ಕ ಹಾಕು. 2014ರ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಚಿತ್ರದಲ್ಲಿ ಚೀನಾದ ಗುಂಪು ಟ್ಯೂಬಿನಲ್ಲಿ ಕಟ್ಟಿದ ಫೈಬರ್ ಇದೆ. ಎಚ್1 ಸೇರಿಸಿದ್ದಾರೆ. ನಾಲ್ಕು ನಾಲ್ಕು ನ್ಯೂಕ್ಲಿಯೋಸೋಮ್ ಸೇರಿ ಹೊಸೆದುಕೊಂಡ ಚಂದದ ಹುರಿ. ಅದರ ಪಕ್ಕ 2017ರದ್ದು, ಮನುಷ್ಯರ ಸೆಲ್‌ನಲ್ಲಿ ಇದ್ದ ಹಾಗೇ ನೋಡಿದ್ದು. ಅಲ್ಲಿ ಹುರಿ ಇಲ್ಲ. 5ರಿಂದ 24 ನ್ಯಾನೋಮೀಟರ್ ದಪ್ಪದ ಅಡ್ಡಾದಿಡ್ಡಿ ಎಳೆಗಳು, ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಬಿಡಿಯಾಗಿ. ಎಚ್1 ಒತ್ತಾಗಿಸುತ್ತದೆ ಅನ್ನು. ಹುರಿ ಕಟ್ಟುತ್ತದೆ ಅನ್ನಬೇಡ.

ಇನ್ನೊಂದು, ನೀನು ಕೇಳಲಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಚ್1 ಒಂದೇ ಕಡೆ ಅಂಟಿಕೊಂಡು ಕೂರುವುದಿಲ್ಲ. 2000ನೇ ಇಸವಿಯಲ್ಲಿ ಎರಡು ಗುಂಪುಗಳು ಎಚ್1ಗೆ ಹಸಿರು ಪ್ರೋಟೀನ್ ಅಂಟಿಸಿ, ನ್ಯೂಕ್ಲಿಯಸ್‌ನ ಒಂದು ಜಾಗವನ್ನು ಲೇಸರಿನಿಂದ ಕಪ್ಪು ಮಾಡಿ ನೋಡಿದರು. ಕೆಲವೇ ನಿಮಿಷದಲ್ಲಿ ಅಲ್ಲಿ ಮತ್ತೆ ಹಸಿರು. ಎಚ್3, ಎಚ್4 ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. ಎಚ್1 ನಿಮಿಷಗಳಲ್ಲಿ ಎದ್ದು ಹೋಗುತ್ತದೆ, ಇನ್ನೊಂದು ಬಂದು ಕೂರುತ್ತದೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಬೆಂಚು ನೋಡು, ಯಾವಾಗಲೂ ಭರ್ತಿ, ಕೂತವರು ಮಾತ್ರ ಬೇರೆ ಬೇರೆ. ಹಾಗಾಗಿಯೇ ಜೀನ್ ಆನ್ ಮಾಡುವ ಪ್ರೋಟೀನಿಗೆ, ಟ್ರಾನ್‌ಸ್ಕ್ರಿಪ್ಷನ್ ಫ್ಯಾಕ್ಟರಿಗೆ, ನುಗ್ಗಲು ಸಂದು ಸಿಗುತ್ತದೆ. ಎಚ್1ಗೆ ಫಾಸ್ಫೇಟ್ ಅಂಟಿದರೆ ಹಿಡಿತ ಇನ್ನೂ ಸಡಿಲ. ತಮಾಷೆ ಏನೆಂದರೆ ಆ ಫಾಸ್ಫೇಟ್ ಅತಿ ಜಾಸ್ತಿ ಇರುವುದು ಸೆಲ್ ಎರಡಾಗುವ ಮೈಟೋಸಿಸ್‌ನಲ್ಲಿ, ಕ್ರೋಮೋಸೋಮ್ ಅತಿ ಬಿಗಿಯಾಗಿರುವ ಹೊತ್ತಿನಲ್ಲಿ. ಸೆಲ್ ಸೈಕಲ್‌ನವರು ಸೆಲ್ ಅನ್ನು ಮೈಟೋಸಿಸ್‌ಗೆ ತಳ್ಳುವ ಕಿಣ್ವ ಸಿಡಿಕೆ1 ಎಷ್ಟು ಚುರುಕಾಗಿದೆ ಅಂತ ಅಳೆಯಲು ಎಚ್1ಗೆ ಎಷ್ಟು ಫಾಸ್ಫೇಟ್ ಅಂಟಿತು ಅಂತಲೇ ನೋಡುತ್ತಿದ್ದರು. ಈ ವಿರೋಧಾಭಾಸಕ್ಕೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ಎಚ್1 ಅಂದರೆ ಒಂದಲ್ಲ, ಮನುಷ್ಯರಲ್ಲಿ 11 ಬಗೆ. ಏಳು ಮೈಯ ಸೆಲ್‌ಗಳಲ್ಲಿ, ಮೂರು ವೀರ್ಯ ತಯಾರಾಗುವ ಕಡೆ, ಒಂದು ಅಂಡದಲ್ಲಿ. ವೃಷಣದ ಎಚ್1ಟಿ ಮೇಲೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆ ಕೆಲಸ ಆಗಿದೆ, ಎಂ.ಆರ್.ಎಸ್. ರಾವ್ ಅವರ ಲ್ಯಾಬಿನಲ್ಲಿ. 1995ರಲ್ಲಿ ಅವರು ತೋರಿಸಿದ್ದು, ಎಚ್1ಟಿ ಕ್ರೊಮಾಟಿನ್ ಬಿಗಿ ಮಾಡುವುದರಲ್ಲಿ ಬಲು ಸೋಮಾರಿ. ಅದು ಬರುವ ಹೊತ್ತು ನೋಡಿದರೆ ಅರ್ಥ ಇದೆ, ತಾಯಿ ತಂದೆಯ ಕ್ರೋಮೋಸೋಮ್ ತುಂಡುಗಳನ್ನು ಬದಲಾಯಿಸಿಕೊಳ್ಳುವ ಹಂತ ಅದು, ಆಗ ಬಾಗಿಲು ತೆರೆದಿರಬೇಕು. ಆದರೆ ಎಚ್1ಟಿ ಇಲ್ಲದ ಗಂಡಿಲಿಗೂ ಮರಿಗಳಾಗುತ್ತವೆ. ಇಲ್ಲೂ ಬೇರೆಯವು ಜಾಗ ತುಂಬುತ್ತವೆ, ಗುರುಗಳು ಹೇಳಿದ ಹಾಗೆ.

ಮಕ್ಕಳ ಡಾಕ್ಟರ್ ಹುಬ್ಬಳ್ಳಿ

ಕುತೂಹಲದಿಂದ ಓದಿದೆ. ನಮ್ಮ ಕಡೆಯ ಒಂದು ಪ್ರಶ್ನೆ, ಮೇಡಂ. ಕಲಿಕೆ ನಿಧಾನ, ತಲೆ ಗಾತ್ರ ಮತ್ತು ಎತ್ತರ ವಯಸ್ಸಿಗಿಂತ ಜಾಸ್ತಿ ಇರುವ ಮಕ್ಕಳ ಎಕ್ಸೋಮ್ (ಪ್ರೋಟೀನ್ ಬರೆಯುವ ಡಿಎನ್‌ಎ ಭಾಗಗಳನ್ನು ಓದುವ ಪರೀಕ್ಷೆ) ವರದಿಯಲ್ಲಿ ಅಪರೂಪಕ್ಕೆ ಎಚ್1-4 ಜೀನ್ ಹೆಸರು ಬರುತ್ತದೆ, ಇಲಿಯ ಎಚ್1ಇಗೆ ಸಮನಾದದ್ದು. ಹಳೆ ವರದಿಗಳಲ್ಲಿ ಹಿಸ್ಟ್1ಎಚ್1ಇ ಅಂತ ಇರುತ್ತಿತ್ತು. ರಹಮಾನ್ ಸಿಂಡ್ರೋಮ್ ಅನ್ನುತ್ತೇವೆ. ಸಾಮಾನ್ಯವಾಗಿ ಅಪ್ಪ ಅಮ್ಮನಲ್ಲಿ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಬಂದಿರುತ್ತದೆ. ಎರಡರಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿರುತ್ತದೆ.

ಇಲಿಯಲ್ಲಿ ಆ ಜೀನ್ ಪೂರ್ತಿ ತೆಗೆದರೂ ಏನೂ ಆಗುವುದಿಲ್ಲ ಅಂತೀರಿ. ಮಗುವಿಗೆ ಒಂದೇ ಪ್ರತಿ ಹೋದರೆ ಇಷ್ಟು ತೊಂದರೆ ಯಾಕೆ? ತಂದೆ ತಾಯಿಗೆ ಏನಂತ ಹೇಳುವುದು?

ಕೋಲ್ಡ್‌ರೂಮ್ ಅಕ್ಕ

ಡಾಕ್ಟ್ರೇ, ಇದು ಈ ಥ್ರೆಡ್ಡಿನ ಅತ್ಯುತ್ತಮ ಪ್ರಶ್ನೆ. ಉತ್ತರ ನೀವೇ ಅರ್ಧ ಹೇಳಿದ್ದೀರಿ: ಪ್ರತಿ ಕೆಟ್ಟಿದೆ, ಹೋಗಿಲ್ಲ.

ಆ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದೆರಡು ಅಕ್ಷರ ಸೇರಿರುತ್ತದೆ ಇಲ್ಲವೇ ಬಿಟ್ಟುಹೋಗಿರುತ್ತದೆ, ಅದೂ ಹಿಂದಿನ ಬಾಲದ ಭಾಗದಲ್ಲಿ. ಅಲ್ಲಿಂದ ಮುಂದೆ ಓದು ತಪ್ಪುತ್ತದೆ. ಬೇರೆ ಬೇರೆ ಮಕ್ಕಳಲ್ಲಿ ಬೇರೆ ಬೇರೆ ತಪ್ಪು, ಆದರೆ ಎಲ್ಲವೂ ಜಾರುವುದು ಒಂದೇ ತಪ್ಪು ಓದಿಗೆ, ಮುಗಿಯುವುದು ಒಂದೇ ಬಗೆಯ ಮೋಟು ಬಾಲದಲ್ಲಿ. ಲೈಸೀನ್ ಕಡಿಮೆ, ಧನ ಆವೇಶ ಕಡಿಮೆ. ಜೊತೆಗೆ ಈ ಹಿಸ್ಟೋನ್ ಜೀನ್‌ಗಳಿಗೆ ಇಂಟ್ರಾನ್ (ಓದುವಾಗ ಕತ್ತರಿಸಿ ತೆಗೆಯುವ ತುಂಡು) ಇಲ್ಲ, ಎಂಆರ್‌ಎನ್‌ಎಗೆ ಪಾಲಿ ಎ ಬಾಲವೂ ಇಲ್ಲ. ತಪ್ಪು ಎಂಆರ್‌ಎನ್‌ಎಯನ್ನು ಹಿಡಿದು ಎಸೆಯುವ ಸೆಲ್‌ನ ಮಾಮೂಲಿ ವ್ಯವಸ್ಥೆಗೆ ಇಂಟ್ರಾನ್ ತೆಗೆದ ಗುರುತು ಬೇಕು. ಅದಿಲ್ಲದ ಕಾರಣ ಇವು ಸಲೀಸಾಗಿ ತಪ್ಪಿಸಿಕೊಳ್ಳುತ್ತವೆ, ಮೋಟು ಪ್ರೋಟೀನ್ ತಯಾರಾಗುತ್ತದೆ. ಅದು ಬೇಗ ಹಾಳಾಗುವುದಿಲ್ಲ, ಕ್ರೊಮಾಟಿನ್‌ಗೂ ಹೋಗಿ ಕೂರುತ್ತದೆ ಅಂತ 2019ರ ಕೆಲಸ ತೋರಿಸಿದೆ. ನಡುವಿನ ಉಂಡೆ ನೆಟ್ಟಗಿದೆಯಲ್ಲ, ಜಾಗ ಹಿಡಿಯುತ್ತದೆ. ಬಾಲ ಕೆಲಸ ಮಾಡುವುದಿಲ್ಲ. ಪೂರ್ತಿ ಇಲ್ಲದಿದ್ದರೆ ಬೇರೆ ಎಚ್1 ಬಂದು ಆ ಜಾಗ ತುಂಬುತ್ತಿತ್ತು. ಇಲ್ಲಿ ಜಾಗ ಖಾಲಿಯೇ ಆಗುವುದಿಲ್ಲ. ಕೊನೆಯ ಎರಡು ವಾಕ್ಯ ನನ್ನ ಓದು ಅಂತ ಇಟ್ಟುಕೊಳ್ಳಿ.

ಅಪ್ಪ ಅಮ್ಮನಿಗೆ ಏನು ಹೇಳಬೇಕು ಅನ್ನುವುದು ನಿಮ್ಮ ಮತ್ತು ಜೆನೆಟಿಕ್ ಕೌನ್ಸೆಲರ್ ಕೆಲಸ, ನಾನು ಕೋಳಿ ರಕ್ತದವಳು.

ಬಿ ಸೆಲ್ ಲಿಂಫೋಮಾದ (ರಕ್ತದ ಬಿಳಿ ಕಣದ ಕ್ಯಾನ್ಸರ್) ಕಥೆ ಇದಕ್ಕೆ ಉಲ್ಟಾ. ಅಲ್ಲಿ ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯ ಸೆಲ್‌ನಲ್ಲಿ ಆದ ತಪ್ಪುಗಳು. ಹಲವು ನಡುವಿನ ಉಂಡೆಯಲ್ಲೇ ಬೀಳುತ್ತವೆ, ಎಚ್1ಗೆ ಹಿಡಿತವೇ ಸಿಗುವುದಿಲ್ಲ. 2021ರಲ್ಲಿ ಇಲಿಯಲ್ಲಿ ಎಚ್1ಸಿ ಮತ್ತು ಎಚ್1ಇ ಎರಡನ್ನೂ ತೆಗೆದು ನೋಡಿದರು. ಮುಚ್ಚಿದ್ದ ಕ್ರೊಮಾಟಿನ್ ತೆರೆದುಕೊಂಡಿತು, ಎಚ್3ರ 27ನೇ ಲೈಸೀನ್ ಮೇಲಿನ ಮುಚ್ಚುವ ಗುರುತು ಕಡಿಮೆಯಾಯಿತು, 36ನೆಯದರ ಮೇಲಿನ, ತೆರೆದ ಕ್ರೊಮಾಟಿನ್ನಿನ ಗುರುತು ಏರಿತು. ಬೆಳೆಯುವಾಗ ಮುಚ್ಚಿಟ್ಟಿದ್ದ ಹಳೇ ಸ್ಟೆಮ್ ಸೆಲ್ ಜೀನ್‌ಗಳು ಎದ್ದವು. ಹಾವೇರಿ ತಮ್ಮಾ, ನಿನ್ನ ಸ್ಟೆಮ್ ಸೆಲ್‌ನಲ್ಲಿ 29 ಕಂಡರೆ ಬಿ ಸೆಲ್‌ನಲ್ಲಿ ಇಷ್ಟೆಲ್ಲ ಕಾಣುವುದು ಇದಕ್ಕೇ. ಬಿ ಸೆಲ್‌ಗೆ ಮುಚ್ಚಿಡಬೇಕಾದ ಇತಿಹಾಸ ಇದೆ, ಸ್ಟೆಮ್ ಸೆಲ್‌ಗೆ ಇನ್ನೂ ಇಲ್ಲ.

ಹಾವೇರಿ ಹುಡುಗ

ಅಕ್ಕಾ, ಕೊನೆಯದು. ನನಗೆ ಇರುವುದು 20 ನಿಮಿಷ. ಯಾವ ಚಿತ್ರದಿಂದ ಶುರು ಮಾಡಲಿ?

ಕೋಲ್ಡ್‌ರೂಮ್ ಅಕ್ಕ

ಮೈಕ್ರೋಕೋಕಲ್ ನ್ಯೂಕ್ಲಿಯೇಸ್ ಏಣಿಯಿಂದ. ಎಡಕ್ಕೆ ಮಾಮೂಲಿ ಸೆಲ್, ಬಲಕ್ಕೆ ಮೂರು ಜೀನ್ ತೆಗೆದದ್ದು. ಮೊದಲ ಮೆಟ್ಟಿಲಿನಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಮೇಲೆ ಹೋದ ಹಾಗೆ 15, 30, 45 ಅಂತ ಕೂಡಿಕೊಂಡು ಎರಡು ಏಣಿ ಬೇರೆಯಾಗುತ್ತವೆ. ಐದನೇ ಮೆಟ್ಟಿಲಿಗೆ ಬಾಣ ಹಾಕು. 29ರ ಪಟ್ಟಿ ಅದಾದ ಮೇಲೆ. ಏಕಕೋಶ ಜೀವಿ ಟೆಟ್ರಾಹೈಮೆನಾ ಗೊತ್ತಾ ಅಂತ ಯಾರಾದರೂ ಕೆಣಕಿದರೆ, ಎಚ್1 ಪೂರ್ತಿ ತೆಗೆದರೂ ಅದು ಬದುಕುತ್ತದೆ, 1996ರಲ್ಲಿ ನೋಡಿದಾಗ ಒಂದು ಜೀನ್ ಏರಿತ್ತು, ಇನ್ನೊಂದು ಇಳಿದಿತ್ತು ಅಂತ ಹೇಳಿ ಕೂತುಕೊ.